ಮೂರನೆಯ ಹರಾಜು

ಅರ್ಜಿಯಲ್ಲಿ ಪೋಷಕರ ಉದ್ಯೋಗ ಎಂಬ ಅಂಕಣವೊಂದಿತ್ತು. ಅಲ್ಲಿ ನಾನು ‘ವ್ಯಾಪಾರ’ ಎಂದು ಬರೆದೆ. ಅದು ಸುಳ್ಳಲ್ಲ. ನನ್ನ ಆಯಿ ಅವರ್ಸಾದ ದಂಡೆಯಲ್ಲಿ ಮೀನು ಕೊಂಡು, ಬುಟ್ಟಿಯಲ್ಲಿ ಹೊತ್ತು ಒಯ್ದು ಅಂಕೋಲೆಯ ಪೇಟೆಯಲ್ಲಿ ಮಾರುತ್ತಿದ್ದಳು. ಅಪ್ಪ ಬೇರೆಯವರ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದ. ಒಂದೇ ಒಂದು ಪದವನ್ನು ಬಿಟ್ಟು ಬರೆದಿದ್ದೆ, ಅಷ್ಟೆ. ಆದರೂ ಅರ್ಜಿಯನ್ನು ಕಾಲೇಜು ಕಚೇರಿಯ ಕಿಟಕಿಯಲ್ಲಿ ಕೊಟ್ಟು ಬರುವಾಗ ಯಾರೋ ಹಿಂದಿನಿಂದ ಕರೆಯುತ್ತಾರೆಂದು ಎರಡು ಸಲ ತಿರುಗಿ ನೋಡಿದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷಗಳಾಗಿದ್ದವು. ನಾನು ಕಾರವಾರದಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ಮುಂಬಯಿಯ ಒಂದು ಇನ್ವೆಸ್ಟ್‌ಮೆಂಟ್ ಬ್ಯಾಂಕು ಕಾರವಾರದ ಹೋಟೆಲೊಂದರ ಸಭಾಂಗಣದಲ್ಲಿ ಮೂರು ದಿನಗಳ ಪರಿಚಯ ಶಿಬಿರವನ್ನು ಏರ್ಪಡಿಸಿತ್ತು. ಅರ್ಜಿ ಹಾಕಿದವರಲ್ಲಿ ಸುತ್ತಲಿನ ಕಾಲೇಜುಗಳಿಂದ ಹದಿನಾರು ಮಂದಿಯನ್ನು ಆರಿಸಿದ್ದರು. ಕೊನೆಯ ದಿನ ಅವರಲ್ಲಿ ಇಬ್ಬರನ್ನು ಬೇಸಿಗೆಯ ಎರಡು ತಿಂಗಳ ತರಬೇತಿಗಾಗಿ ಮುಂಬಯಿಗೆ ಕರೆಸಿಕೊಳ್ಳುವುದೆಂದು ನಿಶ್ಚಯವಾಗಿತ್ತು. ನನ್ನ ಹೆಸರನ್ನು ಕಳುಹಿಸಿದ ನಮ್ಮ ವಾಣಿಜ್ಯ ವಿಭಾಗದ ಸರ್ ಹೇಳಿದ್ದರು: “ಅಲ್ಲಿ ಎರಡು ತಿಂಗಳು ಚೆನ್ನಾಗಿ ಮಾಡಿದವರಿಗೆ ಡಿಗ್ರಿ ಮುಗಿಯುವ ಮೊದಲೇ ಕೆಲಸ. ಕೈಬಿಡಬೇಡ.” ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೊಬ್ಬಳೇ. ಡಿಗ್ರಿಯ ಆಚೆ ಏನಿದೆ ಎಂದು ಕೇಳಲು ನನಗೆ ಮನೆಯಲ್ಲಿ ಯಾರೂ ಇರಲಿಲ್ಲ. ಆ ಎರಡು ಸ್ಥಾನಗಳಲ್ಲಿ ಒಂದು ನನ್ನದಾಗದಿದ್ದರೆ ನಾನು ಎಲ್ಲಿಗೂ ತಲುಪುವುದಿಲ್ಲವೆಂದೇ ಆಗ ನಂಬಿದ್ದೆ.

ಬ್ಯಾಂಕೆಂದರೆ ಪಾಸ್‌ಬುಕ್ಕು, ಕೌಂಟರು, ಸರಪಳಿಗೆ ಕಟ್ಟಿದ ಪೆನ್ನು ಎಂದು ತಿಳಿದಿದ್ದ ನನಗೆ ಮೊದಲ ದಿನವೇ ದಿಗಿಲಾಯಿತು. ಇವರ ಬಳಿ ಪಾಸ್‌ಬುಕ್ಕೇ ಇರಲಿಲ್ಲ. ಒಂದು ಕಂಪನಿ ಇನ್ನೊಂದು ಕಂಪನಿಯನ್ನು ಕೊಳ್ಳುವಾಗ, ಮಾರುವಾಗ, ಅದರ ಬೆಲೆ ಎಷ್ಟೆಂದು ತೂಗಿ ಹೇಳುವುದು ಇವರ ಕಸುಬು. ಪರದೆಯ ಮೇಲೆ ಬಂದುದೆಲ್ಲವನ್ನೂ ಬರೆದುಕೊಂಡೆ. ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ತಪ್ಪು ಇಂಗ್ಲಿಷಿನಲ್ಲಿ ಕೇಳುವುದಕ್ಕಿಂತ ಕೇಳದಿರುವುದೇ ಕ್ಷೇಮವೆನಿಸಿತ್ತು.

ಶಿಬಿರವನ್ನು ನಡೆಸಿದ ಅಧಿಕಾರಿ ಮೂಲತಃ ಇದೇ ತಾಲೂಕಿನ ಕಿನ್ನರದವರು. ಚಹಾದ ಹೊತ್ತಿಗೆ ಇಂಗ್ಲಿಷನ್ನು ಬಿಟ್ಟು ಕನ್ನಡದಲ್ಲಿ ಸಲೀಸಾಗಿ ಮಾತನಾಡುತ್ತಿದ್ದರು. ಎರಡನೆಯ ದಿನ ನನ್ನ ಬಳಿ ಬಂದು, “ಯಾವೂರು?” ಎಂದರು.

“ಅಂಕೋಲಾ, ಸರ್.”

“ಅಂಕೋಲೆಯವರು ಬರಿಗೈಲಿ ಬರ್ತಾರಾ? ಈಶಾಡ ಮಾವು ಎಲ್ಲಿ?”

“ಇನ್ನೂ ಹಣ್ಣಾಗಲಿಲ್ಲ, ಸರ್.”

“ಹುಳಿಯಿದ್ರೂ ತರಬಹುದಿತ್ತು, ಉಪ್ಪು ನಾವು ಕೊಡ್ತಿದ್ವಿ,” ಎಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ಅಂಕೋಲೆಯಲ್ಲಿ ಎಲ್ಲಿ ಎಂದು ಅವರು ಕೇಳುವ ಮೊದಲೇ ನಾನು ಲೋಟ ಇಡುವ ನೆವದಿಂದ ಅತ್ತ ಸರಿದೆ.

ಮೂರನೆಯ ದಿನ ಹರಾಜಿನ ಆಟ. ನಮ್ಮನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ, ಮೂರು ಕಾಲ್ಪನಿಕ ಕಂಪನಿಗಳನ್ನು ಒಂದರ ನಂತರ ಒಂದರಂತೆ ಹರಾಜಿಗಿಡುವರು. ಯಾವ ಕಂಪನಿಗೆ ಎಷ್ಟರವರೆಗೆ ಹೋಗಬಹುದೆಂದು ಪ್ರತಿ ತಂಡವೂ ಲೆಕ್ಕ ಹಾಕಿ ಬರೆದು, ಅಧಿಕಾರಿಗೆ ಮೊದಲೇ ಕೊಡಬೇಕು. ಆ ಮಿತಿಯೊಳಗೆ ತಂಡದ ಒಬ್ಬರು ಕೈ ಎತ್ತಿ ಬೆಲೆ ಕೂಗಬೇಕು. ನಮ್ಮ ತಂಡದ ಲೆಕ್ಕವನ್ನು ಬಹುಪಾಲು ನಾನೇ ಮಾಡಿದ್ದರಿಂದ ಕೂಗುವ ಕೆಲಸವೂ ನನಗೇ ಬಂತು.

ಮೊದಲನೆಯದು ಮಂಜುಗಡ್ಡೆಯ ಕಾರ್ಖಾನೆ. ಅದು ನಮಗೆ ಬಂತು. ಎರಡನೆಯದು ಇನ್ನೊಂದು ತಂಡದ ಪಾಲಾಯಿತು. ಕೈಗಾ ಅಣುಸ್ಥಾವರದ ವಸತಿನೆಲೆಯಿಂದ ಬಂದಿದ್ದ ಹುಡುಗಿಯೊಬ್ಬಳು ತನ್ನ ತಂಡದ ಪರವಾಗಿ ಕೂಗುತ್ತಿದ್ದಳು. ಅವಳು ಎರಡು ಸಲವೂ ಕೊನೆಯವರೆಗೆ ಬಂದು ಸೋತಿದ್ದಳು. ಮೂರನೆಯ ಕಂಪನಿ ಹರಾಜಿಗೆ ಬಂದಾಗ ಉಳಿದಿಬ್ಬರು ಬೇಗನೆ ಹಿಂದೆ ಸರಿದರು. ಅವಳೂ ನಾನೂ ಉಳಿದೆವು. ಅವಳು ಕೈ ಎತ್ತಿ ಒಂದು ಬೆಲೆ ಹೇಳಿದಳು. ನನ್ನ ಮಿತಿ ಇನ್ನೂ ದೂರವಿತ್ತು.

ನಾನು ಕೈ ಎತ್ತಲಿಲ್ಲ.

ಇದನ್ನು ವಿವರಿಸಬೇಕಾದರೆ ನಮ್ಮ ದಂಡೆಯ ಸಂಗತಿಯನ್ನು ಹೇಳಬೇಕು. ದೋಣಿ ಬಂದ ಮೇಲೆ ಮೀನನ್ನು ಮರಳಿನ ಮೇಲೆ ರಾಶಿ ಹಾಕಿ ಹರಾಜು ಕೂಗುತ್ತಾರೆ. ಸುತ್ತ ಹೆಂಗಸರು ಬುಟ್ಟಿ ಹಿಡಿದು ಕೂತಿರುತ್ತಾರೆ. ಅಲ್ಲಿ ಪೈಪೋಟಿ ಇದೆ, ಬೈಗುಳವೂ ಇದೆ. ಆದರೆ ಹಿಂದಿನ ದಿನ ಖಾಲಿ ಬುಟ್ಟಿಯೊಂದಿಗೆ ಮನೆಗೆ ಹೋದವಳು ಒಂದು ರಾಶಿಗೆ ಬೆಲೆ ಹೇಳಿದರೆ, ಆಗಲೇ ಮೀನು ಸಿಕ್ಕಿದವರು ಅದರ ಮೇಲೆ ಕೂಗುವುದಿಲ್ಲ. ಯಾರೂ ಇದನ್ನು ನಿಯಮವೆಂದು ಹೇಳಿದ್ದಿಲ್ಲ. ಸೆರಗು ಸರಿಪಡಿಸಿಕೊಳ್ಳುತ್ತಾರೆ, ಕಡಲ ಕಡೆ ನೋಡುತ್ತಾರೆ, ಅಷ್ಟರಲ್ಲಿ ರಾಶಿ ಅವಳದಾಗುತ್ತದೆ. ಹತ್ತು ವರ್ಷದವಳಿದ್ದಾಗ ನಾನು ಉತ್ಸಾಹದಿಂದ ಆಯಿಯ ಪರವಾಗಿ ಎರಡು ರೂಪಾಯಿ ಏರಿಸಿಬಿಟ್ಟಿದ್ದೆ. ಆಯಿ ನನ್ನ ತೊಡೆಯನ್ನು ಎಷ್ಟು ಗಟ್ಟಿಯಾಗಿ ಚಿವುಟಿದಳೆಂದರೆ ಮೂರು ದಿನ ಅಲ್ಲಿ ನೀಲಿಯಾಗಿತ್ತು.

ಸಭಾಂಗಣದಲ್ಲಿ ನಾನು ಇದನ್ನೆಲ್ಲ ಯೋಚಿಸಲಿಲ್ಲ. ಯೋಚಿಸಿದ್ದರೆ ಕೈ ಎತ್ತುತ್ತಿದ್ದೆನೇನೋ. ಎರಡು ಸಲ ಬರಿಗೈಯಾದವಳು ಬೆಲೆ ಹೇಳಿದಳು. ನನ್ನ ಕಣ್ಣು ತಾನಾಗಿ ಕಿಟಕಿಯ ಕಡೆ ತಿರುಗಿತು. ಪಕ್ಕದಲ್ಲಿದ್ದ ನಮ್ಮ ತಂಡದ ಹುಡುಗ “ಕೂಗೇ, ಕೂಗೇ ಮಾರಾಯ್ತಿ!” ಎಂದು ಪಿಸುಗುಟ್ಟಿದ್ದು ಕೇಳಿಸಿತು. ಅಷ್ಟರಲ್ಲಿ ಅಧಿಕಾರಿ ಮೇಜಿನ ಮೇಲೆ ಪೆನ್ನಿನಿಂದ ಮೂರು ಸಲ ತಟ್ಟಿದರು.

ಊಟದ ನಂತರ ಒಬ್ಬೊಬ್ಬರನ್ನೇ ಕರೆದು ಮಾತನಾಡಿಸಿದರು. ನನ್ನ ಸರದಿ ಬಂದಾಗ ಅವರ ಮುಂದೆ ನಮ್ಮ ಲೆಕ್ಕದ ಹಾಳೆಯಿತ್ತು.

“ಲೆಕ್ಕ ಎಲ್ಲರಿಗಿಂತ ಚೆನ್ನಾಗಿದೆ,” ಎಂದರು. “ಮೂರನೆಯದರಲ್ಲಿ ಇನ್ನೂ ಜಾಗ ಇತ್ತು. ಯಾಕೆ ನಿಲ್ಲಿಸಿದ್ರಿ?”

“ಅಪಾಯದ ಪ್ರಮಾಣ ಹೆಚ್ಚೆಂದು ಅನಿಸಿತು, ಸರ್.”

“ಅದು ನಿನ್ನೆ ನಾನೇ ಬೋರ್ಡಿನ ಮೇಲೆ ಬರೆದ ಮಾತು. ನಿಮ್ಮ ಕಾರಣ ಏನು?”

ಅವರು ನಿಜವಾಗಿಯೂ ತಿಳಿಯಲೆಂದೇ ಕೇಳುತ್ತಿದ್ದರು. ಈಗ ಅದು ನನಗೆ ಸ್ಪಷ್ಟವಾಗಿದೆ. ಕಿನ್ನರದಲ್ಲಿ ಹುಟ್ಟಿ ಬೆಳೆದವರಿಗೆ ದಂಡೆ, ಬುಟ್ಟಿ, ಮೀನಿನ ರಾಶಿ ಯಾವುದೂ ಹೊಸದಾಗಿರಲಾರದು. ಆದರೆ ಆ ಕಾರಣವನ್ನು ಹೇಳಬೇಕಾದರೆ ನಾನು ಎಲ್ಲಿ ಕೂತು ಅದನ್ನು ಕಲಿತೆ ಎಂಬುದನ್ನೂ ಹೇಳಬೇಕಾಗಿತ್ತು.

“ಅದೇ ಕಾರಣ, ಸರ್,” ಎಂದೆ.

ಅವರು ಹಾಳೆಯ ಅಂಚಿನಲ್ಲಿ ಏನನ್ನೋ ಚಿಕ್ಕದಾಗಿ ಬರೆದರು.

ನಾಲ್ಕು ಗಂಟೆಗೆ ಎರಡು ಹೆಸರುಗಳನ್ನು ಓದಿದರು. ಒಂದು ಕುಮಟಾದ ಹುಡುಗನದು, ಇನ್ನೊಂದು ಕೈಗಾದ ಹುಡುಗಿಯದು. ಹೊರಗೆ ತನ್ನ ಬಸ್ಸಿಗಾಗಿ ಕಾಯುತ್ತಿದ್ದ ಆಕೆ ನನ್ನ ಕೈ ಹಿಡಿದುಕೊಂಡಳು.

“ಹೆದರಿಬಿಟ್ಟೆ ಅಲ್ವಾ? ನಮ್ಮ ಲಿಮಿಟ್ ಅಲ್ಲಿಗೇ ಮುಗಿದಿತ್ತು ಕಣೇ. ನೀನು ಇನ್ನೊಂದು ಸಲ ಕೈ ಎತ್ತಿದ್ರೆ ನಾವು ಔಟ್!”

“ಹೌದು, ಹೆದರಿದೆ,” ಎಂದೆ. ಬಿಟ್ಟುಕೊಟ್ಟೆನೆಂದು ಹೇಳಿದ್ದರೆ ಅವಳ ಸಂತೋಷ ಕೆಡುತ್ತಿತ್ತು; ನನಗಂತೂ ಏನೂ ಮರಳಿ ಬರುತ್ತಿರಲಿಲ್ಲ.

ಮನೆ ಮುಟ್ಟುವಾಗ ಇನ್ನೂ ಬಿಸಿಲಿತ್ತು. ಆಯಿ ಅಂಗಳದಲ್ಲಿ ಚಾಪೆಯ ಮೇಲೆ ಒಣಗಿದ ಸಿಗಡಿಯನ್ನು ಆರಿಸುತ್ತ ಕೂತಿದ್ದಳು.

“ಏನಾಯ್ತೆ? ಮುಂಬಯ್‌ಗೆ ಕರದ್ರಾ?”

“ಇಲ್ಲ, ಆಯಿ.”

ನಡೆದುದೆಲ್ಲವನ್ನೂ ಹೇಳಿದೆ. ಹೊಗಳುತ್ತಾಳೆಂದು ಒಳಗೊಳಗೇ ಕಾದಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು. ಅವಳ ಕೈ ನಿಂತಿತು.

“ಆ ಹುಡುಗಿ ನಿಂಗೆ ಯಾವತ್ತಾದ್ರೂ ಬಿಟ್ಟಿದ್ಲಾ?”

“ಅವಳನ್ನು ಕಂಡದ್ದೇ ಮೂರು ದಿನ.”

“ಹಾಂಗಾರೆ ಎಂತಕ್ಕೆ ಬಿಟ್ಟೆ? ನಾ ಇಲ್ಲಿ ಬಿಡೂದು ಎಂತಕ್ಕೆ, ಪುಣ್ಯಕ್ಕಾ? ನಾಳೆ ನನ್ನ ಬುಟ್ಟಿ ಖಾಲಿ ಆದ್ರೆ ಅವ್ರು ಬಿಡ್ತಾರೆ ಅಂತ. ನಾಳೆ ಅಂಬೂದೇ ಇಲ್ದ ಜಾಗದಲ್ಲಿ ಬಿಟ್ಟು ಬಂದ್ಯಲ್ಲೆ, ಹುಚ್ಚಿ!” ಮತ್ತೆ ಮೆತ್ತಗೆ, “ಸಾಯ್ಬ್ರು ಕೇಳ್ದಾಗ ಆದ್ರೂ ಹೇಳೂದಲ್ವಾ, ನಮ್ಮಲ್ಲಿ ಹೀಂಗೆ ಅಂತ? ಯಾಕೆ ಹೇಳ್ಲಿಲ್ಲ?” ಎಂದಳು.

ನಾನು ಚಾಪೆಯ ಹೊರಗೆ ಬಿದ್ದಿದ್ದ ಸಿಗಡಿಯೊಂದನ್ನು ಹೆಕ್ಕಿ ಒಳಗೆ ಹಾಕಿದೆ. ಅವಳು ನನ್ನ ಮುಖವನ್ನು ನೋಡಿದಳು, ಮತ್ತೆ ಸಿಗಡಿಯ ಕಡೆ ಬಗ್ಗಿದಳು. ಎರಡನೆಯ ಸಲ ಕೇಳಲಿಲ್ಲ. ಅವಳಿಗೆ ಗೊತ್ತಾಯಿತೆಂದು ನನಗೆ ಅದರಿಂದಲೇ ತಿಳಿಯಿತು.

ಆ ವಾರವೆಲ್ಲ ಅಧಿಕಾರಿಗೆ ಒಂದು ಪತ್ರ ಬರೆಯುತ್ತಿದ್ದೆ. ಮೊದಲು ಕನ್ನಡದಲ್ಲಿ, ಆಮೇಲೆ ನಿಘಂಟನ್ನು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನಲ್ಲಿ. ದಂಡೆಯನ್ನು ಬರೆದೆ, ಖಾಲಿ ಬುಟ್ಟಿಯನ್ನು ಬರೆದೆ, ಆಯಿ ಏನು ಮಾರುತ್ತಾಳೆಂಬುದನ್ನೂ ಬರೆದೆ. ನಾಲ್ಕನೆಯ ಪ್ರತಿಯನ್ನು, ವ್ಯಾಕರಣ ನೋಡಿಕೊಡಿರೆಂದು, ನಮ್ಮ ವಾಣಿಜ್ಯ ವಿಭಾಗದ ಸರ್‌ಗೆ ಕೊಟ್ಟೆ. ಅವರು ಸ್ಟಾಫ್ ರೂಮಿನಲ್ಲಿ ಕೂತು, ಕೆಂಪು ಪೆನ್ನು ಹಿಡಿದು, ಬಹಳ ಪ್ರೀತಿಯಿಂದ ಓದಿದರು.

“ಭಾಷೆ ಪರವಾಗಿಲ್ಲ. ಆದರೆ ಔಪಚಾರಿಕ ಪತ್ರದಲ್ಲಿ ಮೀನು ಗೀನು ಎಲ್ಲ ಬರಬಾರದಮ್ಮ. ಮನೆಯ ಕಷ್ಟ ಹೇಳಿಕೊಂಡ ಹಾಗಾಗುತ್ತದೆ. ಅವಕಾಶಕ್ಕೆ ಧನ್ಯವಾದ ಅಂತ ಬರೆ, ಸಾಕು.”

ನಡುವಿನ ಒಂದೂವರೆ ಪುಟದ ಮೇಲೆ ಅವರು ಒಂದೇ ಓರೆ ಗೆರೆ ಎಳೆದಿದ್ದರು. ನಾನು ಹೂಂ ಎಂದೆ. ಉಳಿದ ಮೂರು ಸಾಲುಗಳನ್ನು ಪೇಟೆಯಲ್ಲಿ ಟೈಪ್ ಮಾಡಿಸಿ ಅಂಚೆಗೆ ಹಾಕಿದೆ.

ಎರಡು ವಾರಗಳ ನಂತರ ಕಾಲೇಜಿನ ವಿಳಾಸಕ್ಕೆ ಉತ್ತರ ಬಂತು. ದಪ್ಪ, ಬಿಳಿಯ ಕಾಗದ. ಕೆಳಗೆ ಅವರ ಸಹಿ. ನಿಮ್ಮ ಪತ್ರ ತಲುಪಿತು, ನಿಮ್ಮ ಮುಂದಿನ ವ್ಯಾಸಂಗಕ್ಕೆ ಶುಭವಾಗಲಿ ಎಂದು ಎರಡು ವಾಕ್ಯಗಳಿದ್ದವು. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಹಲವು ಸಲ ಓದಿದೆ. ಅದರಲ್ಲಿ ಒಂದೂ ತಪ್ಪಿರಲಿಲ್ಲ; ನಾನು ಕಳುಹಿಸಿದ ಮೂರು ಸಾಲುಗಳಲ್ಲೂ ಇರಲಿಲ್ಲ.