ಹಲ್ಮೊನಿ ಬರೆದ ಕೊನೆಯ ಸಾಲು

ಊರಿನಿಂದ ಯಾರದಾದರೂ ಸೂಟ್‌ಕೇಸಿನಲ್ಲಿ ಒಣಗಿದ ಕರಿಬೇವು ಬಂದರೆ ಅಮೆರಿಕದ ಫ್ರೀಮಾಂಟಿನ ನಾಲ್ಕು ಮನೆಯವರು ಹಂಚಿಕೊಳ್ಳುತ್ತಿದ್ದ ಕಾಲ ಅದು. ಎಂಬತ್ತರ ದಶಕ, ನನಗೆ ಹತ್ತು ವರ್ಷ. ಅಮ್ಮ ಬಸುರಿ. ಹಿಂದಿನ ವರ್ಷ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಹಾಸಿಗೆ ಬಿಟ್ಟು ಏಳಲೇಕೂಡದು ಎಂದಿದ್ದರು ಡಾಕ್ಟರು. ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಜ್ಜಿ ಅಡುಗೆಮನೆಯನ್ನು ವಶಪಡಿಸಿಕೊಂಡರು. ಅಮ್ಮ ಮಾತು ಬಿಟ್ಟು ಗೋಡೆ ನೋಡುತ್ತಾ ಮಲಗಿರುತ್ತಿದ್ದಳು. ಅದನ್ನು ಕಂಡರೆ ನನಗೆ ಭಯ.

ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ನನ್ನ ಕ್ಲಾಸಿನ ಸುನ್‌ಹೀ ಇದ್ದಳು, ಕೊರಿಯಾದವಳು. ಅವಳ ಅಜ್ಜಿಯನ್ನು ನಾನೂ ಅವಳಂತೆ ಹಲ್ಮೊನಿ ಎನ್ನುತ್ತಿದ್ದೆ. ಅವರ ಭಾಷೆಯಲ್ಲಿ ಅಜ್ಜಿ ಎಂದರೆ ಅದೇ. ಸ್ಕೂಲು ಬಿಟ್ಟ ಮೇಲೆ ನಾವಿಬ್ಬರೂ ಅವರೆದುರು ಕೂತು ಮೊಳಕೆಕಾಳಿನ ಬಾಲ ಚಿವುಟಬೇಕು, ಬೆಳ್ಳುಳ್ಳಿ ಸುಲಿಯಬೇಕು. ಆಗ ಅವರು ಒಂದು ಹಳೇ ಕಾದಂಬರಿ ತೆಗೆದು ಓದುತ್ತಿದ್ದರು. ಅಚ್ಚಾದದ್ದಲ್ಲ, ಅವರ ತಾಯಿ ಮದುವೆಗೆ ಮುಂಚೆ ಕೈಯಲ್ಲೇ ನಕಲು ಮಾಡಿಕೊಂಡದ್ದು. ಹಲ್ಮೊನಿ ಓದಿದ್ದನ್ನು ಸುನ್‌ಹೀ ಇಂಗ್ಲಿಷಿನಲ್ಲಿ ಹೇಳುವಳು, ನಾನು ಮನೆಗೆ ಓಡಿ ಅಮ್ಮನಿಗೆ ಕನ್ನಡದಲ್ಲಿ ಹೇಳುವೆ. ಕಥೆ ಕೇಳುವಾಗ ಮಾತ್ರ ಅಮ್ಮ ಗೋಡೆ ಬಿಟ್ಟು ನನ್ನ ಕಡೆ ತಿರುಗುತ್ತಿದ್ದಳು.

“ಮೊದ್ಲು ಕೈ ತೊಳ್ಕೊ, ಮನೆಯೆಲ್ಲಾ ಬೆಳ್ಳುಳ್ಳಿ ನಾತ,” ಎಂದು ಅಜ್ಜಿ ಗದರುತ್ತಿದ್ದರು. ಗದರಿ, ಒಲೆ ಸಣ್ಣಗೆ ಮಾಡಿ, ತಾವೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಕಥೆಯ ಹುಡುಗಿ ದೊಡ್ಡ ಮನೆಯ ಸೊಸೆ. ಗಂಡ ದೂರದೂರಿಗೆ ಹೋದಾಗ ಅತ್ತೆ ಸುಳ್ಳು ಅಪವಾದ ಹೊರಿಸಿ, ತುಂಬುಬಸುರಿಯನ್ನು ಹಿಮದಲ್ಲಿ ಹೊರಗೆ ಹಾಕುತ್ತಾಳೆ. ಅವಳು ಬೆಟ್ಟದ ಗುಡಿಸಲಿನಲ್ಲಿ ಒಬ್ಬಳೇ ಹೆರುತ್ತಾಳೆ. ಒಂದು ಗುರುವಾರ ನಾನು ಅಷ್ಟು ಹೇಳಿ ಟೀವಿ ನೋಡಲು ಹೊರಟೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿ ಕೆಂಡಾಮಂಡಲವಾದರು.

“ಪೆದ್ದಿ, ಬಸುರಿ ಮುಂದೆ ಇಂಥ ಕಥೆ ಹೇಳ್ತಾರೇನೇ? ಹೇಳಿದ್ಮೇಲೆ ಕಷ್ಟದಲ್ಲಿ ನಿಲ್ಸೋ ಹಾಗಿಲ್ಲ. ನಮ್ಮನೇಲಿ ಪುರಾಣ ಓದುವಾಗ್ಲೂ ಅಷ್ಟೆ, ಹೆಣ್ಮಗಳು ಅಳ್ತಿರೋ ಕಡೆ ಪುಸ್ತಕ ಮುಚ್ಚಲ್ಲ. ಅವಳು ಮನೆ ಸೇರೋ ತನಕ ಕಥೆ ತಂದು ಮುಗಿಸು.”

ಆ ಶನಿವಾರವೇ ಸುನ್‌ಹೀ ಮನೆಯವರು ಮನೆ ಖಾಲಿ ಮಾಡಿ ಲಾಸ್ ಏಂಜಲೀಸಿಗೆ ಹೊರಡುವವರಿದ್ದರು. ಶುಕ್ರವಾರ ಹೋದರೆ ಪುಸ್ತಕ ಆಗಲೇ ಯಾವುದೋ ರಟ್ಟಿನ ಪೆಟ್ಟಿಗೆ ಸೇರಿತ್ತು. ಯಾವುದಕ್ಕೆಂದು ಯಾರಿಗೂ ನೆನಪಿಲ್ಲ. ನಾನು ಬಿಡುವವಳೇ? ಶನಿವಾರ ಬೆಳಿಗ್ಗೆ ಟ್ರಕ್ಕು ಬರುವ ಮೊದಲೇ ಹೋಗಿ ಒಂದೊಂದೇ ಪೆಟ್ಟಿಗೆ ಬಿಚ್ಚತೊಡಗಿದೆ. ಸುನ್‌ಹೀಯ ಅಪ್ಪ ಗೊಣಗಿದರು. ಎಳ್ಳೆಣ್ಣೆ ಸೀಸೆಗಳ ಕೆಳಗೆ ಪುಸ್ತಕ ಸಿಕ್ಕಿತು.

ಖಾಲಿ ಕೋಣೆಯ ಕಾರ್ಪೆಟ್ಟಿನ ಮೇಲೆ ಕೂತು ಹಲ್ಮೊನಿ ಕೊನೆಯವರೆಗೆ ಓದಿದರು. ಸುಳ್ಳು ಬಯಲಾಗುತ್ತದೆ, ಗಂಡ ಮರಳುತ್ತಾನೆ, ಅತ್ತೆಯೇ ಬೆಟ್ಟ ಹತ್ತಿ ಬಂದು ಸೊಸೆಯನ್ನು ಕರೆದೊಯ್ಯುತ್ತಾಳೆ. ಓಡಿಬಂದು ಒಂದೇ ಉಸಿರಿನಲ್ಲಿ ಅಮ್ಮನಿಗೆ ಹೇಳಿದೆ.

“ಮಗು ಏನಾಯ್ತು?” ಎಂದಳು ಅಮ್ಮ.

ನಾನು ಕೇಳಿರಲೇ ಇಲ್ಲ. ಮತ್ತೆ ಓಡಿದೆ. ಹಲ್ಮೊನಿ ಹಾಳೆ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಅದನ್ನ ಬರೆದೇ ಇಲ್ಲ,” ಎಂದಳು ಸುನ್‌ಹೀ.

“ನಮ್ಮಮ್ಮನಿಗೆ ಬೇಕು,” ಎಂದೆ. ಅಳು ಬಂದುಬಿಟ್ಟಿತ್ತು, ಆದರೂ ಜಾಗ ಬಿಟ್ಟು ಕದಲಲಿಲ್ಲ.

ಹಲ್ಮೊನಿ ನನ್ನನ್ನೊಮ್ಮೆ, ನಮ್ಮ ಮನೆಯ ಕಿಟಕಿಯನ್ನೊಮ್ಮೆ ನೋಡಿದರು. ಪೆನ್ನು ಕೇಳಿ ಪಡೆದು, ತಾಯಿಯ ಅಕ್ಷರಗಳ ಕೆಳಗೆ ನಿಧಾನವಾಗಿ ಬರೆದರು. ಸುನ್‌ಹೀ ಓದಿ ಹೇಳಿದಳು: “ಮಗು ಗಟ್ಟಿಮುಟ್ಟಾಗಿ ಬೆಳೆಯಿತು, ಅಮ್ಮನ ಕೈ ಬಿಡಿಸಿಕೊಂಡು ಅಂಗಳದಲ್ಲೆಲ್ಲಾ ಓಡಿತು.” ನಕಲು ಮಾಡುವ ಹೆಂಗಸರು ಹೀಗೆ ತಮ್ಮದೊಂದು ಸಾಲು ಸೇರಿಸುವುದಿತ್ತಂತೆ. ಹಲ್ಮೊನಿಯ ತಾಯಿಯೂ ಸೇರಿಸಿದ್ದರಂತೆ.

“ನಿಜವಾಗ್ಲೂ ಹಾಗೇ ಬರ್ದಿದ್ಯಾ ಪುಟ್ಟಿ?” ನಾನು ಓಡಿಬಂದು ಹೇಳಿದಾಗ ಅಮ್ಮ ಕೇಳಿದಳು.

“ಹ್ಞೂಂ, ಬರ್ದಿದೆ. ನಾನೇ ನೋಡ್ದೆ.”

ಅಮ್ಮ ಅಂದು ತಾನಾಗಿಯೇ ಊಟ ಕೇಳಿದಳು. ಅಜ್ಜಿ, ಬೆಳ್ಳುಳ್ಳಿ ನಾತವೆಂದು ಆ ಮನೆಯ ಹೊಸಿಲು ತುಳಿಯದಿದ್ದವರು, ಕಥೆ ಮಂಗಳವಾಯಿತೆಂದು ಶಾವಿಗೆ ಪಾಯಸ ಮಾಡಿ ತಾವೇ ಒಯ್ದು ಹಲ್ಮೊನಿಗೆ ಕೊಟ್ಟರು. ನಮ್ಮ ಸ್ಟೀಲ್ ಲೋಟ ಅವರ ಜೊತೆಗೇ ಲಾಸ್ ಏಂಜಲೀಸಿಗೆ ಹೋಯಿತು.

ಎರಡು ತಿಂಗಳಿಗೆ ತಮ್ಮ ಹುಟ್ಟಿದ, ಗಟ್ಟಿಮುಟ್ಟಾಗಿಯೇ.

ಈಗ ಫ್ರೀಮಾಂಟಿನ ಅಂಗಡಿಗಳಲ್ಲಿ ಹಸಿ ಕರಿಬೇವು ರಾಶಿ ಬಿದ್ದಿರುತ್ತದೆ. ಅಜ್ಜಿ ಇಲ್ಲ, ಅಮ್ಮನೂ ಇಲ್ಲ. ಸುನ್‌ಹೀಯ ವಿಳಾಸ ಎಂದೋ ಕಳೆದುಹೋಯಿತು. ಮೊನ್ನೆ ಲೈಬ್ರರಿಯಲ್ಲಿ ಕೊರಿಯಾದ ಹಳೇ ಕಾದಂಬರಿಗಳ ಅನುವಾದ ತಿರುವುತ್ತಿದ್ದಾಗ ಅದೇ ಸೊಸೆ, ಅದೇ ಹಿಮ, ಅದೇ ಗುಡಿಸಲು ಸಿಕ್ಕವು. ಕೊನೆಯ ಪುಟವನ್ನು ಎರಡು ಸಲ ಓದಿದೆ. ಮಗುವಿನ ಸುದ್ದಿಯೇ ಇಲ್ಲ. ನನಗೆ ಪುಸ್ತಕ ಮುಚ್ಚಲಾಗಲಿಲ್ಲ. ಲೈಬ್ರರಿಯದು, ಬರೆಯಬಾರದು ಎಂದು ಗೊತ್ತಿದ್ದೂ ಪೆನ್ಸಿಲ್ ತೆಗೆದು, ಹಲ್ಮೊನಿಯ ಆ ಸಾಲನ್ನು ಕೆಳಗೆ ಕನ್ನಡದಲ್ಲಿ ಬರೆದೆ.