ಮೈ ತಾನೇ ಸುರಿಸುವ ಮದ್ದು

ರಾಣೆಬೆನ್ನೂರಿನ ಗರಡಿಮನೆಯ ವಸ್ತಾದ ಪ್ರಭುಲಿಂಗಪ್ಪನ ಕೈಯಲ್ಲಿ ನಸುಕಿನಿಂದಲೇ ಹಸಿ ಬೇವಿನ ಕೋಲು ಇರುತ್ತಿತ್ತು. ಐನೂರು ಬೈಠಕ್ ಮುಗಿಯುವ ಮೊದಲು ಕರಬಸಪ್ಪನ ಮೊಣಕಾಲು ನಡುಗಿತೋ, ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ಕುಪ್ಪೇಲೂರಿನ ಈ ಇಪ್ಪತ್ತಾರರ ಪೈಲ್ವಾನ ಹಗಲೆಲ್ಲ ಜೋಳದ ಚೀಲ ಹೊತ್ತು, ಸಂಜೆ ಮತ್ತೆ ಕಣದ ಮಣ್ಣಿಗೆ ಇಳಿಯುತ್ತಿದ್ದ. ಕಸರತ್ತಿಗೆ ಮೊದಲು ಒಂದು ತಂಬಿಗೆ ಬೆಲ್ಲದ ಪಾನಕ ಕುಡಿಯಬೇಕು, ನಿದ್ದೆ ನಾಲ್ಕೇ ತಾಸು. ಇದು ವಸ್ತಾದನ ಅಪ್ಪಣೆ.

ಆದರೂ ಮೈ ತುಂಬಲಿಲ್ಲ. ೧೯೯೨ರಲ್ಲಿ ಬ್ಯಾಡಗಿಯ ಕುಸ್ತಿಯಲ್ಲಿ ಎದುರಾಳಿ ಎತ್ತಿ ಒಗೆದಾಗ ಅವನ ಎರಡು ಹಲ್ಲು ಮಣ್ಣಿನಲ್ಲೇ ಉಳಿದವು. ವಾರದೊಳಗೆ ವಸ್ತಾದ ಎಲ್ಲಿಂದಲೋ ಪುಟ್ಟ ಪುಟ್ಟ ಬಾಟಲಿ ತಂದ.

"ಇದು ಮೈ ಬೆಳಸೋ ಮದ್ದಲೇ. ದೊಡ್ಡ ದೊಡ್ಡ ಪೈಲ್ವಾನ್ರು ತಗೋತಾರ," ಎಂದು ತಾನೇ ಕರಬಸಪ್ಪನ ತೊಡೆಗೆ ಸೂಜಿ ಚುಚ್ಚತೊಡಗಿದ.

ನಾಲ್ಕು ತಿಂಗಳಲ್ಲಿ ಕರಬಸಪ್ಪನ ಬೆರಳು ಬಾತು, ಉಂಗುರವನ್ನು ಅಕ್ಕಸಾಲಿಗನಿಂದ ಕತ್ತರಿಸಿ ತೆಗೆಸಬೇಕಾಯಿತು. ಎಷ್ಟು ನೀರು ಕುಡಿದರೂ ದಾಹ. ಬೆಳಿಗ್ಗೆ ಏಳುವಾಗ ಅಂಗೈ ಜೋಮು. ಯಾವುದೋ ಸಣ್ಣ ಮಾತಿಗೆ ಅವನು ಬೀಸಿ ಒಗೆದ ತಾಟು ಹೆಂಡತಿ ಉಚ್ಚಂಗೆವ್ವನ ಹಣೆ ಒಡೆಯಿತು. ರಕ್ತ ಕಂಡು ಅವನೇ ಮೂಲೆಗೆ ಸರಿದು ಅತ್ತ.

ಹಾವೇರಿಯ ಕುಸ್ತಿಯಲ್ಲಿ ಅವನ ಹಿಡಿತಕ್ಕೆ ಬಲವೇ ಇರಲಿಲ್ಲ. ಮರಗಟ್ಟಿದ ಬೆರಳು ಜಾರಿದವು. ಎದುರಾಳಿ ಅವನ ತೋಳು ಹಿಂದಕ್ಕೆ ತಿರುಚಿ ನೆಲಕ್ಕೆ ಬಡಿದ. ಹೆಗಲಿನ ಎಲುಬು ಮುರಿದ ಸದ್ದು ಮುಂದಿನ ಸಾಲಿನವರಿಗೂ ಕೇಳಿಸಿತು. ಬಿದ್ದಲ್ಲೇ ಒದ್ದಾಡುತ್ತಿದ್ದವನ ಪಕ್ಕೆಗೆ ಪ್ರಭುಲಿಂಗಪ್ಪ ಓಡಿಬಂದು ಒದ್ದ. ಒಮ್ಮೆ, ಎರಡು ಸಲ. ಮೂರನೆಯದು ಬಿದ್ದದ್ದು ಉಚ್ಚಂಗೆವ್ವನ ಬೆನ್ನಿಗೆ. ಹೆಂಗಸರು ಕಾಲಿಡಬಾರದ ಕಣಕ್ಕೆ ನುಗ್ಗಿ ಅವಳು ಗಂಡನ ಮೇಲೆ ಬಿದ್ದಿದ್ದಳು.

"ಇನ್ನೊಂದು ಸಲ ಕಾಲು ಎತ್ತಿದ್ರ ಕಡದ ಬಿಡ್ತೇನಿ!" ಎಂದು ಅವಳು ಕೂಗಿದಳು.

ಮೂಳೆ ಕೂಡಿಸಿದ ಡಾಕ್ಟರ್ ಗುರುರಾಜರು ಮೂತ್ರ ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆ ಇತ್ತು. ಅವರು ಕರಬಸಪ್ಪನ ಬಾತ ಬೆರಳುಗಳನ್ನು ಹಿಡಿದು ನೋಡಿ, ಸೂಜಿ, ಪಾನಕ, ನಿದ್ದೆಯ ಸಂಗತಿಯನ್ನೆಲ್ಲ ಕೇಳಿಕೊಂಡರು.

"ಈ ಮೈ ಬೆಳಸೋ ಮದ್ದು ನಿನ್ನ ತಲಿಯೊಳಗ ಮೊದ್ಲೇ ಐತೋ ಮಾರಾಯಾ," ಎಂದರು. "ಮಿದುಳಿನ ಕೆಳಗ ಕಡ್ಲಿಕಾಳಿನಷ್ಟು ಗ್ರಂಥಿ. ಹತ್ತು ಹದಿನೈದು ನಿಮಿಷ ಜೋರ್ ಕಸರತ್ ಮಾಡಿದ್ರ ಮಿದುಳು ಅದಕ್ಕ 'ಬಿಡು' ಅಂತದ, ಅದು ಆ ಮದ್ದನ್ನ ರಕ್ತಕ್ಕ ಬಿಡ್ತದ. ಸಾಕಾದ್ರ 'ನಿಲ್ಸು' ಅನ್ನೋದೂ ಮಿದುಳೇ. ನೀನು ಮೊದ್ಲ ಬೆಲ್ಲದ ನೀರು ಕುಡಿದ್ರ, ರಕ್ತದಾಗ ಸಕ್ಕರಿ ಏರಿ, ಆ ಬಿಡೋದು ತಗ್ಗತದ."

"ಮತ್ತ ನಿದ್ದಿ?"

"ಮೊದ್ಲನೇ ಗಾಢ ನಿದ್ದಿಯೊಳಗ ಎಲ್ಲಾಕ್ಕಿಂತ ಹೆಚ್ಚು ಬಿಡ್ತದ. ಅದನ್ನ ನಿಮ್ಮ ವಸ್ತಾದ ಕಸ್ಕೊಂಡಾನ. ಮ್ಯಾಲಿಂದ ಹೊರಗಿನ ಮದ್ದು ಚುಚ್ಚಿದ್ರ, ಸಾಕಾಗೇದ ಅಂತ ತಿಳ್ಕೊಂಡು ಮೈ ತನ್ನದನ್ನ ಬಂದ್ ಮಾಡ್ತದ. ಬೆರಳು ಬಾತದ್ದು, ಸಕ್ಕರಿ ಬಂದದ್ದು ಆ ಸೂಜಿಯಿಂದ್ಲೇ."

ಕರಬಸಪ್ಪ ಬೆನ್ನ ಮೇಲಿನ ಹಳೆಯ ಬಾಸುಂಡೆಯ ಗುರುತು ತಡವಿಕೊಂಡ. ಅಷ್ಟು ವರ್ಷ ತಿಂದ ಏಟು ತನ್ನ ಮೈಯನ್ನು ಒಂದು ಕೂದಲೆಳೆಯಷ್ಟೂ ಬೆಳೆಸಿಲ್ಲ ಎಂಬುದು ಮುರಿದ ಎಲುಬಿಗಿಂತ ಹೆಚ್ಚು ನೋಯಿಸಿತು.

ಮೂರನೆಯ ದಿನ ಪ್ರಭುಲಿಂಗಪ್ಪ ಆಸ್ಪತ್ರೆಗೇ ಬಂದ. ಜೇಬಿನಿಂದ ಬಾಟಲಿ ತೆಗೆದು, "ತೊಡಿ ತೋರ್ಸಲೇ, ಲಗೂ ವಾಸಿ ಆಗ್ತದ," ಎಂದ. ಕರಬಸಪ್ಪ ಹಾಸಿಗೆಯಿಂದೆದ್ದು, ಆಡುತ್ತಿದ್ದ ಒಂದೇ ಕೈಯಿಂದ ಅವನ ಗಂಟಲು ಹಿಡಿದು ಗೋಡೆಗೆ ಒತ್ತಿದ. ಬಾಟಲಿ ನೆಲಕ್ಕೆ ಬಿದ್ದು ಚೂರಾಯಿತು. ವಸ್ತಾದನ ಮುಖ ಕಪ್ಪಿಟ್ಟಿತು, ಕಾಲು ನೆಲ ಕೆರೆದವು.

"ಬಿಡ್ರಿ! ಸತ್ತ ಹೋಗ್ತಾನ," ಎಂದು ಉಚ್ಚಂಗೆವ್ವ ಕೈ ಜಗ್ಗಿದಳು. ಅವಳ ಹಣೆಯ ಕಲೆ ಕಣ್ಣಿಗೆ ಬಿದ್ದಾಗ ಅವನ ಬೆರಳು ಸಡಿಲವಾದವು.

ವಸ್ತಾದ ಪೊಲೀಸರಿಗೆ ಫಿರ್ಯಾದು ಕೊಟ್ಟ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಕರಬಸಪ್ಪ ಎರಡು ದಿನ ಲಾಕಪ್ಪಿನಲ್ಲಿ ಕೂತು ಬಂದ. ರಾಣೆಬೆನ್ನೂರಿನ ಗರಡಿಯ ಬಾಗಿಲು ಅವನ ಪಾಲಿಗೆ ಮುಚ್ಚಿತು.

ವರ್ಷ ಕಳೆದ ಮೇಲೆ ಕುಪ್ಪೇಲೂರಿನ ಹಿತ್ತಲಲ್ಲಿ ಮಣ್ಣು ಹದಮಾಡಿ ಒಬ್ಬನೇ ಕಸರತ್ತಿಗೆ ಇಳಿದ. ಪಾನಕ ಬಿಟ್ಟ. ಮೈ ಬೆವರಿ ನೀರಾಗುವಂತೆ ಸ್ವಲ್ಪ ಹೊತ್ತು ದುಡಿದು, ಉಂಡು, ಒಂಬತ್ತಕ್ಕೆ ಮಲಗಿಬಿಡುತ್ತಿದ್ದ. ಸಕ್ಕರೆ ಇಳಿಯಿತು, ಜೋಮು ಹೋಯಿತು. ದಪ್ಪಗಾದ ಬೆರಳು ಮಾತ್ರ ಮೊದಲಿನಂತಾಗಲಿಲ್ಲ. ೧೯೯೫ರಲ್ಲಿ ಬ್ಯಾಡಗಿಯ ಕಣದಲ್ಲಿ ತನಗಿಂತ ದಪ್ಪನೆಯವನನ್ನು ಎಂಟು ನಿಮಿಷದಲ್ಲಿ ಚಿತ್ ಮಾಡಿದ. ತುಟಿ ಸೀಳಿ ರಕ್ತ ಸುರಿಯುತ್ತಿತ್ತು. ಜನ ಹೆಗಲ ಮೇಲೆ ಹೊರಲು ಬಂದರೆ, "ಮುರಿದ ಹೆಗಲು ಐತ್ರೆಪಾ, ಹುಷಾರು," ಎಂದು ನಕ್ಕ.