ಮಲ್ಲಪ್ಪ ಕಾಕಾ ತೊಳೆದು ನೋಡಿದ ಹಸಿರು

ಇವತ್ತು ಬೆಳಿಗ್ಗೆ ಬನಹಟ್ಟಿಯ ಓಣಿಯಲ್ಲಿ ಹಸಿ ನೂಲಿನ ಲಡಿಗಳ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಜಮಖಂಡಿಯಿಂದ ಪತ್ರಿಕೆಯ ಸುದ್ದಿಗೆಂದು ಬಂದವನು ಸುದ್ದಿ ಬಿಟ್ಟು ಮಲ್ಲಪ್ಪ ಕಾಕಾರ ಮನೆಯ ಕಡೆ ತಿರುಗಿದೆ. ಎರಡು ವರ್ಷದಿಂದ ಆ ಬಾಗಿಲನ್ನು ತಪ್ಪಿಸಿಕೊಂಡೇ ಓಡಾಡಿದ್ದೆ. ಯಾಕೆಂದು ಹೇಳುತ್ತೇನೆ.

ಕಾಕಾ ನಮ್ಮ ಹಳೆಯ ನೆರೆಯವರು, ನೂಲಿಗೆ ಬಣ್ಣ ಹಾಕುವವರು. ಯಾವ ಹೊಸ ಬಣ್ಣ ಕಂಡರೂ ಮೊದಲು ನೀರಿನಲ್ಲಿ ಅದ್ದಿ ತಿಕ್ಕುತ್ತಿದ್ದರು. ಒಮ್ಮೆ ನಾನು ತೊಟ್ಟ ಹೊಸ ಅಂಗಿಯ ತೋಳನ್ನೇ ಬಕೆಟ್ಟಿಗೆ ಅದ್ದಿ, "ಬಣ್ಣ ಬಿಡತೈತಿ ನೋಡಲೇ, ಮೋಸ ಹ್ವಾದಿ" ಎಂದು ನಕ್ಕಿದ್ದರು.

ಅವರ ಮಗಳು ಸವಿತಾ ಧಾರವಾಡದ ಪ್ರಯೋಗಾಲಯವೊಂದರಲ್ಲಿ ಪೆರೋವ್‌ಸ್ಕೈಟ್ ಎಂಬ ಹರಳು ಮಾಡುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣವು, ಟಿ.ವಿ. ಪರದೆಗೆ ಬಣ್ಣ ಕೊಡುವಂಥವು. ವರದಿಗೆಂದು ಹೋದಾಗ ಕೈ ಬೀಸಿ ಬೀಸಿ ವಿವರಿಸಿದಳು. "ಅಣ್ಣಾ, ಕಾದ ಎಣ್ಣ್ಯಾಗ ಸೀಸದ ಉಪ್ಪು ಕರಗಿರತೈತಿ. ಸಿರಿಂಜಿಲೆ ಸೀಸಿಯಂ ಒಮ್ಮೆಲೆ ಬಿಡಬೇಕು, ಐದು ಎಣಿಸೂದ್ರಾಗ ಪಾತ್ರಿ ಬರ್ಫದಾಗ ಇಡಬೇಕು. ತಡಾ ಆತಂದ್ರ ಹರಳು ಬೆಳದು ಬಣ್ಣಾನ ಬ್ಯಾರೆ." ಕೊನೆಗೆ, "ನೀರು ಮುಟ್ಟಿದ್ರ ಸಾಯತಾವ ಇವು. ತಪ್ಪದ ಬರಿ" ಎಂದಳು.

ಪತ್ರಿಕೆಯಲ್ಲಿ ಜಾಗ ಸಾಲಲಿಲ್ಲ. ಆ ಕೊನೆಯ ಸಾಲು ಕಡಿದೆ. ಚೊಕ್ಕಟವಾಗಿ ಕಡಿಯುತ್ತೇನೆಂಬ ಹೆಮ್ಮೆಯೂ ನನಗಿತ್ತು. ಕಾಕಾ ಆ ವರದಿಯನ್ನು ಗೋಡೆಗೆ ಅಂಟಿಸಿದರು.

ಮರುವರ್ಷ ಸವಿತಾ ಜ್ವರದಿಂದ ತೀರಿಕೊಂಡಳು. ಅವಳು ಕೊನೆಗೆ ಮಾಡಿದ ಹರಳು ಬಳಿದ ಗಾಜಿನ ಪಟ್ಟಿಯನ್ನು ಪ್ರಯೋಗಾಲಯದ ಗೆಳತಿಯೊಬ್ಬಳು ಕಾಕಾರಿಗೆ ತಂದು ಕೊಟ್ಟಳು. ನಾನೂ ಅಲ್ಲಿದ್ದೆ. ಆಕೆ ನೇರಳೆ ಬೆಳಕಿನ ಟಾರ್ಚ್ ಹಿಡಿದಾಗ ಅದು ಎಳೆ ಜೋಳದ ಗರಿಯಂತೆ ಹಸಿರಾಗಿ ಬೆಳಗಿತು. ಕಾಕಾ ಬಹಳ ಹೊತ್ತು ನೋಡಿದರು. "ಗಟ್ಟಿ ಬಣ್ಣ ಐತಿ ನನ್ನ ಮಗಳದು" ಎಂದು ಬಕೆಟ್ಟಿಗೆ ಅದ್ದಿ ಹೆಬ್ಬೆರಳಿನಿಂದ ತಿಕ್ಕಿದರು. ಗೆಳತಿ "ಬ್ಯಾಡ್ರೀ!" ಅನ್ನುವಷ್ಟರಲ್ಲಿ ಮುಗಿದಿತ್ತು. ನಾನು ಕಡಿದ ಸಾಲು ನನಗೆ ನೆನಪಾದದ್ದೂ ಆಗಲೇ. ಮತ್ತೆ ಟಾರ್ಚ್ ಹಿಡಿದರೆ ಬರೀ ಗಾಜು.

"ನನ್ನ ಕೈಲೇ ಹೋತಲ್ಲೋ" ಎಂದು ಕಾಕಾ ನನ್ನ ಮುಖ ನೋಡಿದರು. ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಇವತ್ತು ಹೇಳಿದೆ. "ಕಾಕಾ, ನೀರು ಮುಟ್ಟಬಾರದಂತ ಆಕಿ ಹೇಳಿದ್ಲು. ನಾನ ಕಡದೆ."

ಬೈಗುಳಕ್ಕೆ ಕಾದೆ. ಅವರು ಚಾಪೆಯ ಮೇಲೆ ಹತ್ತಿರ ಸರಿದು, "ಮತ್ತೇನೇನು ಕಡದಿ? ಆಕಿ ಅಂದದ್ದು ಎಲ್ಲಾ ಹೇಳು" ಎಂದರು.

ಹೇಳಿದೆ. "ಅಪ್ಪ ಮಾಡೂದನ್ನ ನಾನೂ ಮಾಡತೇನಿ, ಪಾತ್ರಿ ಸಣ್ಣದು ಅಷ್ಟ" ಅಂದಿದ್ದಳು. ಅದನ್ನು ಎರಡು ಸಲ ಹೇಳಿಸಿದರು. ಇಡೀ ಮಧ್ಯಾಹ್ನ ಮಾತಾಡಿದ್ದಳು ಅವಳು. ನನಗೆ ನೆನಪಾದದ್ದು ಕಾಲು ತಾಸಿನಷ್ಟು.

"ಇಷ್ಟನ?" ಎಂದರು ಕಾಕಾ.